ಎದುರಾಡದ ಎರಡನೆಯ ದನಿ

“ಗುರುಗಳೇ, ನಾನು ಏನು ಹೇಳಿದರೂ ಅಡ್ಡ ಮಾತಾಡುವವನನ್ನು ಜೊತೆಯಲ್ಲಿ ಯಾಕೆ ಇಟ್ಟುಕೊಳ್ಳಬೇಕು?”

ಹೀಗೆ ಕೇಳಿದವನು ವೃಷಭೇಂದ್ರ. ಗುರುಗಳ ಸಂಗೀತ ಶಾಲೆಯಲ್ಲಿ ಹಿರಿಯ ಶಿಷ್ಯ. ಗುರುಗಳಿಗೆ ವಯಸ್ಸಾದ ಮೇಲೆ ಶಾಲೆಯ ಮೇಲುಸ್ತುವಾರಿಯೆಲ್ಲ ಅವನದೇ ಆಗಿತ್ತು. ಅವನ ದೂರು ಗದಿಗೆಯ್ಯ ಎಂಬ ಇನ್ನೊಬ್ಬ ಶಿಷ್ಯನ ಮೇಲೆ. ಪಾಠದ ವೇಳೆ ಬದಲಿಸೋಣ ಎಂದರೆ ಗದಿಗೆಯ್ಯ ಬೇಡ ಎನ್ನುತ್ತಾನೆ. ಹೊಸ ಮೈಕು ತರೋಣ ಎಂದರೆ ಹಳೆಯದಕ್ಕೆ ಏನಾಗಿದೆ ಎನ್ನುತ್ತಾನೆ. ಉಳಿದವರೆಲ್ಲ ತಲೆಯಾಡಿಸಿ ಏಳುವ ಹೊತ್ತಿಗೆ ಇವನೊಬ್ಬ ಗಂಟಲು ಸರಿಮಾಡಿಕೊಳ್ಳುತ್ತಾನೆ.

“ಈ ತಿಂಗಳೇ ಅವನನ್ನು ಊರಿಗೆ ಕಳಿಸಿಬಿಡುತ್ತೇನೆ. ನೀವು ಹೂಂ ಅಂದರೆ ಸಾಕು,” ಎಂದ ವೃಷಭೇಂದ್ರ.

ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. “ಕೂತುಕೋ. ಒಂದು ಕತೆ ಇದೆ. ಸ್ವಲ್ಪ ಉದ್ದವಾದೀತು, ನನ್ನ ಕತೆಗಳ ಹಣೆಬರಹ ನಿನಗೆ ಗೊತ್ತೇ ಇದೆಯಲ್ಲ,” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರು ಗವಾಯಿಗಳಿದ್ದರು. ಜೋಡಿಯಾಗಿ ಹಾಡುತ್ತಿದ್ದರು. ಅಣ್ಣನದು ತುಂಬುದನಿ. ತಮ್ಮನ ದನಿ ಅಷ್ಟಕ್ಕಷ್ಟೇ, ಆದರೆ ಕಿವಿ ಬಹಳ ಚುರುಕು. ವಯಸ್ಸಾಗುತ್ತ ಅಣ್ಣನ ಸ್ವರ ಆಗಾಗ ಕೂದಲೆಳೆಯಷ್ಟು ಇಳಿಯತೊಡಗಿತು. ಇಳಿದ ಕೂಡಲೇ ತಮ್ಮ ತನ್ನ ಮೊಣಕಾಲಿನಿಂದ ಅಣ್ಣನ ಮೊಣಕಾಲನ್ನು ಮೆಲ್ಲಗೆ ತಳ್ಳುತ್ತಿದ್ದ. ಅಣ್ಣ ಸ್ವರವನ್ನು ಏರಿಸಿಕೊಳ್ಳುತ್ತಿದ್ದ. ಸಭೆಗೆ ಏನೂ ಗೊತ್ತಾಗುತ್ತಿರಲಿಲ್ಲ.

ಒಂದು ಕಚೇರಿಯಲ್ಲಿ ಮುಂದೆ ಕೂತವರ ಕಣ್ಣಿಗೆ ಇದು ಬಿತ್ತು. ಅವರು ಮುಸಿಮುಸಿ ನಕ್ಕರು. ಅಣ್ಣ ಅದನ್ನು ಕಂಡ. ಮನೆಗೆ ಬಂದವನೇ ತಂಬೂರಿಯನ್ನು ಮೂಲೆಗಿಟ್ಟು ತಮ್ಮನ ಮೇಲೆ ಹರಿಹಾಯ್ದ.

“ನನಗೆ ಸ್ವರ ಕಲಿಸುತ್ತೀಯಾ? ನೀನು ತೊಟ್ಟಿಲಲ್ಲಿದ್ದಾಗಲೇ ನಾನು ಹಾಡುತ್ತಿದ್ದೆ!”

“ಆಗ ಸರಿಯಾಗಿಯೇ ಹಾಡುತ್ತಿದ್ದೆ ಅಣ್ಣ, ಅದಕ್ಕೇ ನನಗೆ ನಿದ್ದೆ ಬರುತ್ತಿತ್ತು. ಇವತ್ತು ಇಳಿದಿತ್ತು.”

“ಇನ್ನು ಮೇಲೆ ನನ್ನ ಪಕ್ಕದಲ್ಲಿ ಕೂರಬೇಡ.”

ತಮ್ಮ ಮರುದಿನವೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪಕ್ಕದ ಊರಿಗೆ ಹೋಗಿ ಅಲ್ಲಿನ ಹುಡುಗರಿಗೆ ಸಂಗೀತ ಪಾಠ ಹೇಳಿಕೊಂಡು ಇದ್ದುಬಿಟ್ಟ.

ಈಗ ಅಣ್ಣನಿಗೆ ಒಂದು ಪೇಚು. ಜೋಡಿ ಎಂದು ಹೆಸರಾದವನು ಒಂಟಿಯಾಗಿ ಹೇಗೆ ಹಾಡುವುದು? ಅವನು ರೆಕಾರ್ಡಿಂಗ್ ಮಾಡುವವನೊಬ್ಬನ ಬಳಿ ಹೋಗಿ ಕಷ್ಟ ಹೇಳಿಕೊಂಡ. ಆತ ಕಂಪ್ಯೂಟರಿನ ತೆರೆಯ ಮೇಲೆ ಒಂದು ಚಿಕ್ಕ ಚೌಕ ತೆರೆದು ತೋರಿಸಿದ.

“ಇದಕ್ಕೆ ಡಿಲೇ ಅಂತಾರೆ ಬುವಾ. ಹಾಡಿಗೆ ಹಚ್ಚುವ ಒಂದು ಪ್ಲಗ್-ಇನ್. ನಿಮ್ಮ ದನಿಯನ್ನೇ ಹಿಡಿದಿಟ್ಟುಕೊಂಡು, ಒಂದಿಷ್ಟು ತಡಮಾಡಿ ಮತ್ತೆ ಬಿಡುತ್ತದೆ. ಎಷ್ಟು ತಡವಾಗಬೇಕು ಅನ್ನುವುದಕ್ಕೆ ಈ ಗುಂಡಿ, ಎಷ್ಟು ಸಲ ಮರಳಬೇಕು ಅನ್ನುವುದಕ್ಕೆ ಆ ಗುಂಡಿ.”

ಅಣ್ಣ ಹೆಡ್‌ಫೋನ್ ಹಾಕಿಕೊಂಡು ಒಂದು ಸಾಲು ಹಾಡಿದ. ಬಲಗಿವಿಯಲ್ಲಿ ತನ್ನ ದನಿ ಕೇಳಿತು. ರೆಪ್ಪೆ ಬಡಿಯುವಷ್ಟರಲ್ಲಿ ಎಡಗಿವಿಯಲ್ಲಿ ಇನ್ನೊಂದು ದನಿ ಅದೇ ಸಾಲನ್ನು ಹಿಂಬಾಲಿಸಿತು. ತಮ್ಮ ಕೂರುತ್ತಿದ್ದದ್ದೂ ಎಡಕ್ಕೇ. ಅಣ್ಣ ಬೆರಗಾಗಿ ಪಕ್ಕಕ್ಕೆ ತಿರುಗಿ ನೋಡಿದ. ಯಾರೂ ಇರಲಿಲ್ಲ.

ಇನ್ನೊಂದಿಷ್ಟು ತಡಮಾಡು ಎಂದ. ಈಗ ಅವನು ಸಾಲು ಮುಗಿಸಿ ಸುಮ್ಮನಾದರೆ ಅದರ ಕೊನೆಯ ತುಣುಕು ಮರಳಿ ಬರುತ್ತಿತ್ತು. ಮತ್ತೆ ಸಣ್ಣಗೆ, ಮತ್ತೂ ಸಣ್ಣಗೆ ಬಂದು ತಾನಾಗಿಯೇ ಅಡಗುತ್ತಿತ್ತು.

“ನೋಡಿದೆಯಾ ಇದರ ವಿನಯ?” ಎಂದ ಅಣ್ಣ. “ನಾನು ನಿಲ್ಲಿಸಿದರೆ ತಾನೂ ತಗ್ಗಿ ನಿಲ್ಲುತ್ತದೆ. ಮೊಣಕಾಲೂ ಇಲ್ಲ ಇದಕ್ಕೆ!”

ಆ ಯಂತ್ರವನ್ನು ಮನೆಗೂ ಹಾಕಿಸಿಕೊಂಡ. ದಿನವೂ ಅದರ ಜೊತೆಯಲ್ಲೇ ರಿಯಾಜು. ಮೊದಮೊದಲು ತಂಬೂರಿಯೂ ಇತ್ತು. ಆಮೇಲೆ, ಎರಡು ದನಿ ಕೋಣೆ ತುಂಬಿರುವಾಗ ತಂಬೂರಿಯ ಗುಂಯ್ ಯಾಕೆ ಎಂದು ಅದನ್ನು ಗೋಡೆಗೆ ಒರಗಿಸಿದ. ಅವನ ಸ್ವರ ಒಂದೆಳೆ ಇಳಿದರೆ ಎರಡನೆಯ ದನಿಯೂ ಒಂದೆಳೆ ಇಳಿಯಿತು. ಇನ್ನೊಂದೆಳೆ ಇಳಿದರೆ ಅದೂ ಇಳಿಯಿತು. ಎರಡೂ ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿಕೊಂಡವು ಎಂದರೆ, ಅಣ್ಣನಿಗೆ ತನ್ನ ಹಾಡು ಹಿಂದೆಂದೂ ಇಷ್ಟು ಶುದ್ಧವಾಗಿರಲಿಲ್ಲ ಅನ್ನಿಸಿತು. ಹೀಗೆ ಒಂದು ವರ್ಷ ಕಳೆಯಿತು. ಇಲ್ಲಿಯವರೆಗೆ ಎಲ್ಲವೂ ಸುಖವೇ ನೋಡು.

ಅಣ್ಣನ ಗುರುವಿನ ಪುಣ್ಯತಿಥಿ ಬಂತು. ಆ ದಿನ ಕೇಳಲು ಬರುವವರೆಲ್ಲ ಹಾಡುವವರೇ. ಅಣ್ಣ ಯಂತ್ರವನ್ನೂ ಆ ರೆಕಾರ್ಡಿಂಗಿನವನನ್ನೂ ಕರೆದುಕೊಂಡೇ ವೇದಿಕೆ ಹತ್ತಿದ. ಮೊದಲ ಸಾಲು ಹಾಡಿದ. ಎರಡನೆಯ ದನಿ ಸ್ಪೀಕರಿನಿಂದ ಬಂತು. ಹಾರ್ಮೋನಿಯಂ ಪೇಟಿ ನುಡಿಸುವವನು ತಲೆಯೆತ್ತಿ ನೋಡಿದ.

ಅಣ್ಣ ಹಾಡು ನಿಲ್ಲಿಸಿ, ತಂಬೂರಿಯ ಶ್ರುತಿ ಹೋಗಿದೆ, ಇಳಿಸಿ ಎಂದ. ಇಳಿಸಿದರು. ಮತ್ತೆ ಹಾಡಿದ. ಇನ್ನೂ ಸರಿಯಾಗಿಲ್ಲ, ಇಳಿಸಿ ಎಂದ. ತಂಬೂರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೂ ಇಳಿಸಿದರು. ಪೇಟಿಯವನು ಮಾತ್ರ ಅಲ್ಲೊಂದು ಇಲ್ಲೊಂದು ಸ್ವರದ ಮನೆ ಒತ್ತಿ ನೋಡಿ, ಕೊನೆಗೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅಣ್ಣ ಸಿಡಿದ. “ಯಾಕೆ ನಿಲ್ಲಿಸಿದೆ?”

ಮೈಕು ಮುಂದೆಯೇ ಇತ್ತು. ಡಿಲೇ ಓಡುತ್ತಲೇ ಇತ್ತು. “ಯಾಕೆ ನಿಲ್ಲಿಸಿದೆ?” ಎಂದಿತು ಸ್ಪೀಕರು. “ಯಾಕೆ ನಿಲ್ಲಿಸಿದೆ?” ಎಂದಿತು ಇನ್ನೊಮ್ಮೆ, ಸ್ವಲ್ಪ ಮೆಲ್ಲಗೆ. ಮತ್ತೊಮ್ಮೆ, ಪಿಸುಮಾತಿನಂತೆ. ಇಂಥದ್ದಕ್ಕೆ ಯಾರಾದರೂ ನಗಬೇಕು. ಯಾರೂ ನಗಲಿಲ್ಲ.

ಪೇಟಿಯವನು ಕೈ ಮುಗಿದು ಹೇಳಿದ: “ತಪ್ಪು ತಿಳಿಯಬೇಡಿ ಬುವಾ. ನೀವು ಹಾಡುತ್ತಿರುವ ಸ್ವರ ನನ್ನ ಪೇಟಿಯಲ್ಲಿ ಇಲ್ಲ. ಎರಡು ಮನೆಗಳ ನಡುವಿನ ಸಂದಿಯಲ್ಲಿದೆ.”

ಅಣ್ಣ ಸರಸರನೆ ಸರಿದು ಪೇಟಿಯನ್ನು ತನ್ನೆಡೆಗೆ ಎಳೆದುಕೊಂಡ. ಡಿಲೇ ನಿಲ್ಲಿಸು ಎಂದು ಕೂಗಿದ. ತಾನು ಬಾಲ್ಯದಿಂದ ಹಾಡಿಕೊಂಡು ಬಂದ ಷಡ್ಜದ ಮನೆಯನ್ನು ತಾನೇ ಒತ್ತಿ ಹಿಡಿದ. ಆಮೇಲೆ ಬಾಯಿ ತೆರೆದು ಸ್ವರ ಬಿಟ್ಟ. ಒಂದು ಕಡೆ ಪೇಟಿ, ಒಂದು ಕಡೆ ಅವನು. ನಡುವೆ ಒಬ್ಬ ಮನುಷ್ಯ ನುಸುಳಿ ಹೋಗುವಷ್ಟು ಸಂದು.

ಸ್ವರ ಏರಿಸಲು ನೋಡಿದ, ಗಂಟಲು ಕೇಳಲಿಲ್ಲ. ವರ್ಷವಿಡೀ ಇಳಿದು ಇಳಿದು ಅದಕ್ಕೆ ಅಲ್ಲೇ ಕೂರುವ ರೂಢಿಯಾಗಿತ್ತು. ಎದುರಿಗೆ ತನ್ನ ಗುರುವಿನ ಪಟ, ಅದರ ಮುಂದೆ ತನ್ನ ಜೊತೆ ಕಲಿತವರೆಲ್ಲ ತಲೆ ತಗ್ಗಿಸಿ ಕೂತಿದ್ದಾರೆ. ಅವನು ಯಂತ್ರದವನ ಕಡೆ ತಿರುಗಿದ.

“ಇಷ್ಟು ದಿನ ಇದು ಒಂದು ಮಾತು ಹೇಳಲಿಲ್ಲವಲ್ಲೋ!”

“ಏನು ಹೇಳೀತು ಬುವಾ? ನೀವು ಹಾಡಿದ್ದು ಬಿಟ್ಟು ಅದಕ್ಕೆ ಬೇರೇನು ಗೊತ್ತು?”

ಅಣ್ಣ ಶಾಲು ಹೊದೆಯುವುದನ್ನೂ ಮರೆತು ವೇದಿಕೆ ಇಳಿದು ಹೊರಟ. ಬಸ್ಸು ಹತ್ತಿ ಪಕ್ಕದ ಊರಿಗೆ ಹೋದ. ತಮ್ಮನ ಮನೆಯ ಬಾಗಿಲು ಮುಚ್ಚಿತ್ತು. ಯಾವ ಮುಖ ಹೊತ್ತು ಕದ ತಟ್ಟುವುದು? ಮೆಟ್ಟಿಲ ಮೇಲೆ ಕೂತ. ಕಣ್ಣು ಮುಚ್ಚಿ ಷಡ್ಜ ಹಿಡಿದ.

ಒಳಗೆ ಪಾತ್ರೆಗಳ ಸದ್ದು ನಿಂತಿತು.

“ಇಳಿದಿದೆ ಅಣ್ಣ,” ಎಂದಿತು ಒಳಗಿನ ದನಿ.

ಅಣ್ಣ ಕತ್ತಿನ ನರ ಬಿಗಿದು ಏರಿಸಿದ.

“ಇನ್ನೂ ಇಳಿದಿದೆ.”

ದನಿ ಒಡೆಯಿತು. ಆದರೂ ಏರಿಸಿದ. ಈ ಸಲ ಒಳಗಿನಿಂದ ಮಾತು ಬರಲಿಲ್ಲ. ಸ್ವರ ಬಂತು.

ಗುರುಗಳು ಕತೆ ಮುಗಿಸಿದರು. ಕತೆ ವೃಷಭೇಂದ್ರನಿಗೆ ಹಿಡಿಸಿತ್ತು, ಆದರೆ ಮನಸ್ಸು ಒಪ್ಪಿರಲಿಲ್ಲ.

“ಆ ತಮ್ಮ ತಪ್ಪಿದ್ದಾಗ ಮಾತ್ರ ತಪ್ಪು ಎನ್ನುತ್ತಿದ್ದ ಗುರುಗಳೇ. ನಮ್ಮ ಗದಿಗೆಯ್ಯ ಹಾಗಲ್ಲ. ಎಲ್ಲರೂ ಒಪ್ಪಿದ್ದಕ್ಕೂ ಬೇಡ ಎನ್ನುವುದೇ ಅವನ ಚಾಳಿ. ಅಂಥವನಿಂದ ಯಾರಿಗೆ ಏನು ಒಳ್ಳೆಯದಾಗಿದೆ, ನೀವೇ ಹೇಳಿ.”

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: “ಎಷ್ಟೋ ವರ್ಷಗಳ ಹಿಂದೆ, ವೃಷಭೇಂದ್ರನಿಗೆ ವಿದ್ಯೆ ಹತ್ತುವುದಿಲ್ಲ, ಊರಿಗೆ ಕಳಿಸಿಬಿಡೋಣ ಎಂದು ನಾನೇ ಹೇಳಿದಾಗ ಎಲ್ಲರೂ ಹೂಂ ಅಂದರು, ಬೇಡ ಅಂದವನು ಅವನೊಬ್ಬನೇ.”