ಹದಿನೈದು ನಿಮಿಷ ಎಂಟು ಸೆಕೆಂಡು

"ಗುರುಗಳೇ, ತಪ್ಪು ಮಾಡಿದವನು ತಡವಾಗಿಯಾದರೂ ಎಲ್ಲರೆದುರು ನಿಂತು ಸತ್ಯ ಹೇಳಿದರೆ ಅವನ ತಪ್ಪು ಕಳೆಯುತ್ತದಲ್ಲವೇ?" ಎಂದು ಶಿಷ್ಯ ಕೇಳಿದ.

ಯಾರ ತಪ್ಪು ಎಂದು ಗುರು ವಿಚಾರಿಸಿದರು. ಶಿಷ್ಯ ತಲೆ ತಗ್ಗಿಸಿ ತನ್ನದೇ ಎಂದ. ಹಿಂದೆ ಒಬ್ಬ ಜೊತೆಗಾರನಿಗೆ ಮಾಡಿದ್ದಂತೆ. ಆ ಜೊತೆಗಾರ ಇರುವ ಊರು ಗೊತ್ತು, ಆದರೆ ಹೋಗಿ ನೋಡಿಲ್ಲ. ಬರುವ ಹುಣ್ಣಿಮೆಯ ಸಭೆಗೆ ಸಾವಿರ ಜನ ಸೇರುತ್ತಾರೆ, ಅಲ್ಲಿಯೇ ಹೇಳಿಬಿಡುತ್ತೇನೆ, ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದ. ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ವಿಶ್ವವಿದ್ಯಾಲಯವಿತ್ತು. ಅಲ್ಲಿ ಒಬ್ಬ ವಿದ್ಯಾರ್ಥಿ ದೂರದ ಓಟ ಓಡುತ್ತಿದ್ದ. ಚೆನ್ನಾಗಿಯೇ ಓಡುತ್ತಿದ್ದ. ಹೊಟ್ಟೆ ತುಂಬ ಉಂಡು, ಕಾಲಿಗೆ ಒಳ್ಳೆಯ ಬೂಟು ಹಾಕಿ, ಬೆವರು ಒರೆಸಲು ಟವೆಲು ಹಿಡಿದು ನಿಲ್ಲುವವರಿದ್ದರೆ ಯಾರು ತಾನೇ ಓಡುವುದಿಲ್ಲ?

ಅದೇ ಮೈದಾನದಲ್ಲಿ ಒಬ್ಬ ಕೂಲಿಯಾಳಿದ್ದ. ಬೆಳಗಾಗುತ್ತಲೇ ಓಟದ ಹಾದಿಗೆ ಸುಣ್ಣದ ಗೆರೆ ಎಳೆಯುವುದು, ಪ್ರತಿ ಹಾದಿಯ ತಲೆಗೆ ಒಂದು, ಎರಡು, ಮೂರು ಎಂದು ಅಂಕಿ ಬರೆಯುವುದು ಅವನ ಕೆಲಸ. ಎಲ್ಲರೂ ಅವನನ್ನು ಸುಣ್ಣದವನು ಎಂದು ಕರೆಯುತ್ತಿದ್ದರು. ಇವನಿಗೂ ಅವ್ವ ಅಪ್ಪ ಇಟ್ಟ ಹೆಸರೊಂದು ಇದ್ದೀತು ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಮುಂದೆ ಒಬ್ಬ ಓಡದಿದ್ದರೆ ಹಿಂದಿನವನ ಕಾಲು ಏಳುವುದಿಲ್ಲ. ಹಾಗಾಗಿ ಆಟದ ಮೇಷ್ಟ್ರು ಅಭ್ಯಾಸದ ಹೊತ್ತಿನಲ್ಲಿ ಸುಣ್ಣದವನನ್ನು ವಿದ್ಯಾರ್ಥಿಯ ಮುಂದೆ ಓಡಲು ಬಿಡುತ್ತಿದ್ದರು. ವಿದ್ಯಾರ್ಥಿ ಮೂರು ವರ್ಷ ಆ ಬೆನ್ನಿನ ಹಿಂದೆ ಓಡಿದ. ಬಿರುಕು ಬಿಟ್ಟ, ಸುಣ್ಣ ಮೆತ್ತಿದ ಆ ಎರಡು ಹಿಮ್ಮಡಿಗಳನ್ನು ನೋಡುತ್ತ ಓಡಿದ. ಒಂದು ದಿನವೂ ಅವನ್ನು ದಾಟಲಿಲ್ಲ. ದಾಟಲಿಲ್ಲ ಎಂದು ಅವನಿಗೆ ಬೇಸರವೂ ಆಗಲಿಲ್ಲ. ಗಡಿಯಾರ ಹಿಡಿಯುತ್ತಿದ್ದದ್ದು ತನ್ನೊಬ್ಬನಿಗೇ ತಾನೆ?

ಒಂದು ವರ್ಷ ಬೇರೆ ಊರಿನಲ್ಲಿ ವಿಶ್ವವಿದ್ಯಾಲಯಗಳ ನಡುವಿನ ದೊಡ್ಡ ಪಂದ್ಯ ನಡೆಯಿತು. ಸಾಮಾನು ಹೊರಲು ಸುಣ್ಣದವನನ್ನೂ ಕರೆದೊಯ್ದರು. ಐದು ಸಾವಿರ ಮೀಟರ್ ಓಟದ ದಿನ ಬೆಳಗ್ಗೆ ವಿದ್ಯಾರ್ಥಿಯ ಕಾಲು ಉಳುಕಿ ಬೂದುಗುಂಬಳದ ಹಾಗೆ ಊದಿಕೊಂಡಿತು. ಆ ಓಟ ಕೈಬಿಟ್ಟರೆ ಗೆದ್ದ ತಂಡಕ್ಕೆ ಕೊಡುವ ಬಹುಮಾನದ ಡಾಲು ಕೈಬಿಟ್ಟಂತೆ. ಮೇಷ್ಟ್ರು ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿದರು. ಆಮೇಲೆ ವಿದ್ಯಾರ್ಥಿಯ ಬನಿಯನ್ ಬಿಚ್ಚಿಸಿ, ಅದರ ಬೆನ್ನಿನ ಇಪ್ಪತ್ತೇಳನೆಯ ನಂಬರಿನ ಸಮೇತ ಸುಣ್ಣದವನಿಗೆ ತೊಡಿಸಿದರು. ಬಾಯಿ ಬಿಟ್ಟರೆ ನಿನ್ನ ಓಟ ಓಟವೇ ಅಲ್ಲ, ಪಟ್ಟಿಯಲ್ಲಿ ಹೆಸರಿಲ್ಲದವನು ಓಡಿದ್ದನ್ನು ಅಳಿಸಿಹಾಕುತ್ತಾರೆ ಎಂದು ಹೆದರಿಸಿದರು. ಬೂಟು ಅವನ ಪಾದಕ್ಕೆ ಹಿಡಿಸಲಿಲ್ಲ. ಬರಿಗಾಲಿನಲ್ಲೇ ಹೋದ.

ವಿದ್ಯಾರ್ಥಿ ಡೇರೆಯೊಳಗೆ ಕಂಬಳಿ ಹೊದ್ದು ಕುಳಿತ. ಯಾರ ಕಣ್ಣಿಗೂ ಬೀಳಬಾರದಲ್ಲ. ಯಾರಿಗೂ ಅನುಮಾನ ಬಾರದಿರಲಿ ಎಂದು ಮೇಷ್ಟ್ರು ಇಡೀ ತಂಡಕ್ಕೆ ವಿದ್ಯಾರ್ಥಿಯ ಹೆಸರು ಕೂಗಲು ಹೇಳಿದ್ದರು. ಕೂಗಿದರು. ಹನ್ನೆರಡೂವರೆ ಸುತ್ತು ಅವನು ಕಂಬಳಿಯೊಳಗೆ ಕುಳಿತು ತನ್ನ ಹೆಸರನ್ನೇ ಕೇಳಿಸಿಕೊಂಡ. ಕೊನೆಯ ಸುತ್ತಿಗೆ ಬೇರೆ ಊರಿನವರೂ ಸೇರಿ ಕೂಗಿದರು. ಅವನ ಮೈ ಜುಮ್ಮೆಂದಿತು. ಒಂದು ಗಳಿಗೆ, ತಾನೇ ಓಡುತ್ತಿದ್ದೇನೆ ಎಂದು ಅವನಿಗೆ ನಿಜವಾಗಿಯೂ ಅನಿಸಿತು. ಮುಂದೆ ಬಹಳ ವರ್ಷ ಅವನನ್ನು ಚುಚ್ಚಿದ್ದು ಆ ಒಂದು ಗಳಿಗೆಯೇ.

ಹದಿನೈದು ನಿಮಿಷ ಎಂಟು ಸೆಕೆಂಡು. ಆ ವಿಶ್ವವಿದ್ಯಾಲಯದಲ್ಲಿ ಅಷ್ಟು ಬೇಗ ಯಾರೂ ಓಡಿರಲಿಲ್ಲ, ಮುಂದೆಯೂ ಓಡಲಿಲ್ಲ. ಪದಕ ವಿದ್ಯಾರ್ಥಿಯ ಕೊರಳಿಗೆ ಬಿತ್ತು. ಸರ್ಟಿಫಿಕೇಟು ಅವನ ಹೆಸರಿಗೆ ಬಂತು. ಕ್ರೀಡಾಪಟುಗಳ ಕೋಟಾದಲ್ಲಿ ಸರ್ಕಾರಿ ಕೆಲಸವೂ ಬಂತು. ಕುರ್ಚಿಯಿಂದ ದೊಡ್ಡ ಕುರ್ಚಿಗೆ ಏರುತ್ತ ನಿವೃತ್ತನಾದ. ಸುಣ್ಣದವನು ಊರಿಗೆ ಮರಳಿದ ಮಾರನೆಯ ದಿನ ಬೆಳಗ್ಗೆ ಗೆರೆ ಎಳೆದ. ಅದರ ಮಾರನೆಯ ದಿನವೂ ಎಳೆದ. ಮುಂದೆ ಮೈದಾನಕ್ಕೆ ರಬ್ಬರಿನ ಹಾದಿ ಹಾಸಿದಾಗ ಇನ್ನು ನೀನು ಬೇಡ ಎಂದು ಕಳಿಸಿದರು. ಅವನು ಗೋಡೆಗೆ ಸುಣ್ಣ ಬಣ್ಣ ಹೊಡೆಯುವ ಕೆಲಸಕ್ಕೆ ಹೋದ.

ಹೀಗೆ ನಲವತ್ತು ವರ್ಷ ಕಳೆಯಿತು.

ಆಗ ವಿಶ್ವವಿದ್ಯಾಲಯಕ್ಕೆ ತನ್ನ ಹಳೆಯ ಆಟಗಾರರ ನೆನಪಾಯಿತು. ಕ್ರೀಡಾ ಗೌರವ ಮಂದಿರ ಎಂದು ಒಂದು ಕಟ್ಟಡ ಎಬ್ಬಿಸಿ, ಒಳಗಿನ ಗೋಡೆಗೆ ಹಿತ್ತಾಳೆಯ ಫಲಕಗಳನ್ನು ಹಾಕಿದರು. ಮೇಲೆ ಹೆಸರು, ಕೆಳಗೆ ದಾಖಲೆಯ ಅಂಕಿ. ವಿದ್ಯಾರ್ಥಿಗೂ ಓಲೆ ಬಂತು. ಅವನಿಗೆ ಅನ್ನ ಸೇರದಾಯಿತು. ಸಮಾರಂಭಕ್ಕೆ ಎರಡು ದಿನ ಮೊದಲೇ ಆ ಊರಿಗೆ ಹೋಗಿ ಸುಣ್ಣದವನನ್ನು ಹುಡುಕಿದ. ಒಂದು ಓಣಿಯಲ್ಲಿ ಏಣಿಯ ಮೇಲೆ ಬೆನ್ನು ಮಾಡಿ ನಿಂತಿದ್ದ ಮುದುಕನೊಬ್ಬ ಕಂಡ. ಮುಖ ನೋಡುವ ಮೊದಲೇ ಹಿಮ್ಮಡಿಯ ಗುರುತು ಸಿಕ್ಕಿತು.

ಸುಣ್ಣದವನು ಇಳಿದು ಬಂದು, ಗುರುತು ಹಿಡಿದು, ನಕ್ಕ.

"ಕಾಲು ವಾಸಿ ಆಯ್ತಾ ಸಾಮಿ?" ಎಂದ.

ವಿದ್ಯಾರ್ಥಿಗೆ ನಗಲಾಗಲಿಲ್ಲ. ನಾಡಿದ್ದು ವೇದಿಕೆಯ ಮೇಲೆ ಎಲ್ಲವನ್ನೂ ಹೇಳಿಬಿಡುತ್ತೇನೆ, ನಿನಗೆ ಸಲ್ಲಬೇಕಾದದ್ದು ನಿನಗೆ ಸಲ್ಲಲಿ ಎಂದ. ಸುಣ್ಣದವನ ನಗು ನಿಂತಿತು.

"ಬ್ಯಾಡ ಸಾಮಿ. ಆ ಗೋಡೆಗೆ ಬಣ್ಣ ಹೊಡೆದೋನು ನಾನೇಯ. ಫಲಕ ನೋಡಿವ್ನಿ. ನಂಗೆ ಅಕ್ಷರ ಬರಾಕಿಲ್ಲ, ಅಂಕಿ ಬತ್ತದೆ. ಹದಿನೈದು, ಎಂಟು. ಅದು ನಂದು. ಮ್ಯಾಲೆ ಯಾರ ಹೆಸರಿದ್ರೆ ನಂಗೇನು?"

"ಬರೀ ಅಂಕಿ ಇಟ್ಟುಕೊಂಡು ಏನು ಮಾಡುತ್ತೀಯಪ್ಪ?"

"ನಮ್ಮನೆಯೋಳು ನಲವತ್ತು ವರ್ಸದಿಂದ ನಗ್ತಾವ್ಳೆ. ಸುಣ್ಣದ ಡಬ್ಬ ತಲೆ ಮ್ಯಾಲೆ ಹೊತ್ಕೊಂಡೇ ಓಡಿದ್ಯಾ ಅಂತಾಳೆ. ಅವಳಿಗೂ ಆ ಅಂಕಿ ಬಾಯಿಪಾಠ. ಮಂದಿರದ ಬಾಗಿಲು ಎಲ್ರಿಗೂ ತೆಗೀತಾರಲ್ಲ, ಅವತ್ತು ಕರ್ಕೊಂಡೋಗಿ ತೋರಿಸ್ತೀನಿ. ನೀವು ಬಾಯಿ ಬಿಟ್ರೆ ಅದನ್ನೂ ಕಿತ್ತಾಕ್ತಾರೆ. ಮೇಷ್ಟ್ರು ಅವತ್ತೇ ಹೇಳವ್ರೆ."

ವಿದ್ಯಾರ್ಥಿ ಅವನ ಕೈ ಹಿಡಿದುಕೊಂಡು, ಹೇಳುವುದಿಲ್ಲ ಎಂದು ಮಾತು ಕೊಟ್ಟ. ಕೊಡುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಸಮಾರಂಭದ ದಿನ ಶಾಲು ಬಂತು, ಪೇಟ ಬಂತು, ಹಣ್ಣಿನ ತಟ್ಟೆ ಬಂತು. ಅವನ ಹಿಂದಿನ ಪರದೆಯ ಮೇಲೆ ಹಳೆಯ ಪಟವೊಂದನ್ನು ದೊಡ್ಡದಾಗಿ ತೋರಿಸಿದರು. ಬೆನ್ನ ಕಡೆಯಿಂದ ತೆಗೆದದ್ದು. ಇಪ್ಪತ್ತೇಳರ ನಂಬರು, ಕೆಳಗೆ ಎರಡು ಬರಿಗಾಲು. ಬರಿಗಾಲಿನ ವೀರ ಎಂದು ಕುಲಪತಿಗಳು ಹೊಗಳಿದರು. ಆಮೇಲೆ ನಿರೂಪಣೆ ಮಾಡುತ್ತಿದ್ದ ಹುಡುಗಿ ಮೈಕು ಅವನ ಮುಂದೆ ಹಿಡಿದು, ಕೊನೆಯ ಸುತ್ತಿನಲ್ಲಿ ನಿಮ್ಮ ಮನಸ್ಸಿನಲ್ಲಿ ಏನಿತ್ತು ಸರ್ ಎಂದು ಕೇಳಿದಳು.

ಈ ಪ್ರಶ್ನೆಯನ್ನು ಅವನಿಗೆ ಹಿಂದೆಯೂ ಎಷ್ಟೋ ಜನ ಕೇಳಿದ್ದರು. ಅವನು ಏನೋ ಒಂದು ಹೇಳಿ ಪಾರಾಗಿದ್ದ. ಅಂದು ತಿರುಗಿ ಪರದೆಯ ಮೇಲಿನ ಆ ಬರಿಗಾಲುಗಳನ್ನು ನೋಡಿದ. ಕೊನೆಯ ಸುತ್ತಿನಲ್ಲಿ ಕಂಬಳಿಯೊಂದನ್ನು ಬಿಟ್ಟರೆ ಅವನಿಗೆ ಏನೂ ಗೊತ್ತಿರಲಿಲ್ಲ. ಕೊಟ್ಟ ಮಾತು ನೆನಪಿತ್ತು. ಆದರೆ ಇಷ್ಟು ದೊಡ್ಡ ವಿದ್ಯಾಲಯ, ಇಷ್ಟು ಓದಿದ ಜನ, ಸತ್ಯ ತಿಳಿದ ಮೇಲೆ ಬಡವನ ಹೆಸರು ಹಾಕದೆ ಇರುತ್ತಾರೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೇಳಿಬಿಟ್ಟ. ಓಡಿದ್ದು ನಾನಲ್ಲ, ನಮ್ಮ ಮೈದಾನದ ಸುಣ್ಣದವನು ಎಂದು ಅತ್ತ. ಅವನ ಹೆಸರೇನು ಎಂದು ಯಾರೋ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಎರಡು ದಿನದ ಹಿಂದೆ ಕೈ ಹಿಡಿದು ನಿಂತಾಗಲೂ ಕೇಳಿರಲಿಲ್ಲ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಂಥ ಎದೆಗಾರಿಕೆ ಯಾರಿಗಿದೆ ಎಂದರು. ಕುಲಪತಿಗಳು ತಬ್ಬಿಕೊಂಡರು. ಮಾರನೆಯ ದಿನದ ಪತ್ರಿಕೆಗಳಲ್ಲಿ ಅವನ ಫೋಟೋ, ಅವನ ಕಣ್ಣೀರು, ಅವನ ಪ್ರಾಮಾಣಿಕತೆ. ಒಳಗೆ ಎಲ್ಲೋ ಒಂದು ಸಾಲಿನಲ್ಲಿ, ಒಬ್ಬ ಕೂಲಿ ಎಂದಿತ್ತು. ಅವನಿಗೆ ಬಹಳ ದಿನಗಳ ಮೇಲೆ ಅನ್ನ ಸೇರಿತು.

ವಾರ ಕಳೆದ ಮೇಲೆ ಸಮಿತಿ ಕೂತಿತು. ಸಮಿತಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ನಿಯಮದ ಪುಸ್ತಕ ತೆರೆದು ಓದಿದರು, ಅಷ್ಟೇ. ದಾಖಲಾದ ವಿದ್ಯಾರ್ಥಿಯಲ್ಲದವನ ಓಟ ಓಟವಲ್ಲ. ಫಲಕವನ್ನು ಬಿಚ್ಚಿದರು. ಹದಿನೈದು ನಿಮಿಷ ಮೂವತ್ತೊಂದು ಸೆಕೆಂಡಿನಲ್ಲಿ ಓಡಿದ್ದ ಇನ್ನೊಬ್ಬನ ಫಲಕವನ್ನು ಆ ಜಾಗಕ್ಕೆ ಹಾಕಿದರು. ಗೆದ್ದ ಡಾಲನ್ನು ಹಿಂದಿರುಗಿಸುವ ಮಾತು ಯಾರೂ ಎತ್ತಲಿಲ್ಲ. ಅದು ಗಾಜಿನ ಪೆಟ್ಟಿಗೆಯಲ್ಲಿ ಇದ್ದ ಹಾಗೇ ಇತ್ತು. ವಿದ್ಯಾರ್ಥಿಯ ನೌಕರಿಯ ಮಾತೂ ಬರಲಿಲ್ಲ, ಪಿಂಚಣಿಯ ಮಾತೂ ಬರಲಿಲ್ಲ. ಅಷ್ಟು ಜನ ಮಾಡಿದ ಮೋಸದಲ್ಲಿ ಮೋಸವಲ್ಲದ್ದು ಒಂದೇ ಇತ್ತು, ಆ ಓಟ. ಅಳಿಸಿಹೋದದ್ದು ಅದೊಂದೇ. ವಿದ್ಯಾರ್ಥಿಗೆ ಮಾತ್ರ ಹೊಸ ಓಲೆ ಬಂತು. ಇನ್ನು ಮುಂದೆ ವರ್ಷಕ್ಕೊಮ್ಮೆ ಬಂದು ಹೊಸ ಆಟಗಾರರಿಗೆ ಸತ್ಯದ ಮೇಲೆ ಉಪನ್ಯಾಸ ಕೊಡಬೇಕು.

ಫಲಕ ಹೋದ ಸಂಗತಿ ತಿಳಿದು ಅವನು ಓಡೋಡಿ ಹೋದ. ತನಗೆ ಹೊದಿಸಿದ್ದ ಶಾಲನ್ನು ಸುಣ್ಣದವನಿಗೆ ಹೊದಿಸಬೇಕೆಂದು ಒಯ್ದಿದ್ದ. ಸುಣ್ಣದವನು ಡ್ರಮ್ಮಿನಲ್ಲಿ ಸುಣ್ಣ ಕಲಸುತ್ತಿದ್ದ. ಈ ಸಲ ನಗಲಿಲ್ಲ. ಬೈಯಲೂ ಇಲ್ಲ.

ಮಂದಿರಕ್ಕೆ ಹೋಗಿದ್ದೆಯಾ ಎಂದು ವಿದ್ಯಾರ್ಥಿ ಕೇಳಿದ. ಹೋಗಿದ್ದನಂತೆ. ಹೆಂಡತಿ ಒಗೆದ ಸೀರೆ ಉಟ್ಟು ಬಂದಿದ್ದಳಂತೆ. ತಾನೇ ಬಣ್ಣ ಹೊಡೆದ ಗೋಡೆಯಾದ್ದರಿಂದ ಕಣ್ಣು ಮುಚ್ಚಿಕೊಂಡು ಆ ಜಾಗಕ್ಕೆ ಕರೆದೊಯ್ದು, ಇದೇ ನೋಡು ಎಂದು ಬೆರಳು ತೋರಿಸಿದನಂತೆ. ಅವಳು ಅಂಕಿಯನ್ನು ಒಂದೊಂದಾಗಿ ಓದಿದಳು. ಹದಿನೈದು, ಮೂವತ್ತೊಂದು. ಅವಳು ನಗುತ್ತಾಳೆ ಎಂದುಕೊಂಡ. ನಗಲಿಲ್ಲ. ಹೊತ್ತಾಯಿತು, ಮನೆಗೆ ಹೋಗೋಣ ಬಾ ಎಂದಳು. ಆಮೇಲೆ ಅವಳು ಆ ವಿಷಯ ಎತ್ತಿಲ್ಲ, ಗೇಲಿಯನ್ನೂ ಮಾಡಿಲ್ಲ.

"ನನಗೆ ತಡೆದುಕೊಳ್ಳಲು ಆಗಲಿಲ್ಲಪ್ಪ," ಎಂದ ವಿದ್ಯಾರ್ಥಿ.

"ನಲವತ್ತು ವರ್ಸ ನಾನು ತಡ್ಕಂಡಿದ್ನಲ್ಲ ಸಾಮಿ," ಎಂದು ಹೇಳಿ ಸುಣ್ಣದವನು ಡ್ರಮ್ಮಿನ ಕಡೆ ತಿರುಗಿದ. ಶಾಲು ವಿದ್ಯಾರ್ಥಿಯ ಕೈಯಲ್ಲೇ ಉಳಿಯಿತು. ಅವನು ಅದನ್ನು ಮಡಚಿಕೊಂಡು ಊರಿಗೆ ಮರಳಿದ. ಉಪನ್ಯಾಸ ಕೊಡಲು ವರ್ಷಕ್ಕೊಮ್ಮೆ ಹೋಗುತ್ತಾನೆ. ಚಪ್ಪಾಳೆ ಬೀಳುತ್ತದೆ. ಆ ಓಣಿಗೆ ಮಾತ್ರ ಮತ್ತೆ ಹೋಗಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಅವನು ಹೇಳಿದ್ದು ಸತ್ಯವೇ ಅಲ್ಲವೇ?"

ಗುರು ಹೇಳಿದರು, "ಸತ್ಯವೇ. ಆ ಸತ್ಯದ ಓಟವನ್ನೂ ಅವನು ಸುಣ್ಣದವನ ಕಾಲಿನಲ್ಲೇ ಓಡಿದ."