ಸ್ವಾಮಿಗೆ ಹಾಸಿಗೆ ಹಾಸುವವನು

ಕನಕಾವತಿ ಪಟ್ಟಣದಲ್ಲಿ ಅರಸನ ಡಂಗುರ ಮೊಳಗಿತು. ಅರಸುಮಗಳು ಪದ್ಮಲಾದೇವಿ ಕಣ್ತುಂಬ ನಿದ್ದೆ ಮಾಡಿ ಮೂರು ತಿಂಗಳಾಗಿದೆ. ಆಕೆಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುವುದು, ತಪ್ಪಿದವನಿಗೆ ಅಮಾವಾಸ್ಯೆಯ ದಿನ ಗಲ್ಲು.

ಕೇಶವನ ಗುಡಿಯಲ್ಲಿ ದಿನವೂ ಸ್ವಾಮಿಗೆ ಹಾಸಿಗೆ ಹಾಸುವ ತರುಣ ಚೆಲುವಯ್ಯ ಅದನ್ನು ಕೇಳಿದ. ನಿದ್ದೆಯಿಲ್ಲದ ಕಣ್ಣಿನ ಉರಿ ಅವನಿಗೆ ಗೊತ್ತಿತ್ತು. "ನಿಮಗೆ ಬರುವುದು ಹಾಸಿಗೆ ಹಾಸುವುದೊಂದೇ. ತಲೆ ಕೊಡಲು ಹೊರಟಿರಾ?" ಎಂದಳು ಹೆಂಡತಿ ಗಿರಿಯಮ್ಮ. ಅವನು ಸ್ವಾಮಿಗೆ ಕೈಮುಗಿದು ಹೊರಟ.

ಅರಮನೆಯಲ್ಲಿ ಮಗಳ ದುಃಖ ಮರೆಸಲೆಂದು ಅರಸ ಇರುಳಿಡೀ ನೂರು ದೀಪ ಉರಿಸಿ, ಮಂಚದ ಸುತ್ತ ಹಾಡಿಸಿ ಕುಣಿಸುತ್ತಿದ್ದ. ತೀರಿಹೋದ ಕಿರಿಮಗನ ಹೆಸರು ಎತ್ತಬಾರದೆಂದು ಅಪ್ಪಣೆಯಾಗಿತ್ತು.

ಚೆಲುವಯ್ಯನಿಗಿಂತ ಮುಂಚೆ ಇಬ್ಬರು ರಾಜಕುಮಾರರು ನಿಂತರು. ಕರೆದರೆ ಓಡುವುದು, ಸುಮ್ಮನಿದ್ದರೆ ತಾನೇ ಬಳಿ ಬರುವುದು ಯಾವುದು ಎಂಬುದು ಮೊದಲ ಒಗಟು. ಒಬ್ಬ ಜಿಂಕೆಯೆಂದು ಹೇಳಿ ಸೆರೆಮನೆಗೆ ಹೋದ. ಇನ್ನೊಬ್ಬ ಅದನ್ನು ಬಿಡಿಸಿದರೂ ಎರಡನೆಯದಕ್ಕೆ ಸೋತ. ಹೊತ್ತವರಿಗಷ್ಟೇ ಭಾರ ತಿಳಿಯುವುದು, ಇಳಿಸಲು ಇನ್ನೊಬ್ಬರ ಕೈ ಬೇಕಾದದ್ದು ಯಾವುದು ಎಂದರೆ ಕಿರೀಟವೆಂದ. ಅವನನ್ನೂ ಎಳೆದೊಯ್ದರು.

ಚೆಲುವಯ್ಯನ ಸರದಿ ಬಂತು.

"ಮೊದಲನೆಯದು ನಿದ್ದೆ, ತಾಯಿ. ಗುಡಿಯಲ್ಲಿ ನಾವು ಸ್ವಾಮಿಗೂ ಬಲವಂತ ಮಾಡುವುದಿಲ್ಲ. ದಿನವೂ ಅದೇ ಹೊತ್ತಿಗೆ ದೀಪ ಸಣ್ಣದು ಮಾಡಿ, ಹಾಲಿಟ್ಟು, ಬಾಗಿಲು ಹಾಕಿ ಬರುತ್ತೇವೆ. ಎರಡನೆಯದು ದುಃಖ. ಇಲ್ಲಿ ಅದನ್ನು ಇಳಿಸಲು ಕೈ ನೀಡುವವರನ್ನು ಕಾಣೆ."

ಮೂರನೆಯದನ್ನು ಕೇಳುವಾಗ ಪದ್ಮಲಾದೇವಿಯ ದನಿ ಇಳಿಯಿತು. "ಒಬ್ಬಳು ಕಾವಲು ಕೂತಿದ್ದಳು. ಒಂದು ಗಳಿಗೆ ಕಣ್ಣು ಹತ್ತಿತು. ಎದ್ದು ನೋಡಿದರೆ ಕಾದದ್ದು ಇರಲಿಲ್ಲ. ಕಳ್ಳರು ಯಾರು?"

ಚೆಲುವಯ್ಯ ಹೇಳಿದ.

"ಕಳ್ಳರಿಲ್ಲ, ತಾಯಿ. ಕೊಟ್ಟವನೇ ಕರೆದುಕೊಂಡ. ನನ್ನ ಮಗಳು ಹೋದಾಗ ನಾನು ಸ್ವಾಮಿಗೆ ಬೀಸಣಿಗೆ ಬೀಸುತ್ತಿದ್ದೆ. ಮನೆಯಲ್ಲಿದ್ದರೆ ಉಳಿಸಿಕೊಳ್ಳುತ್ತಿದ್ದೆನೆಂದು ವರ್ಷವಿಡೀ ನಿದ್ದೆಗೆಟ್ಟೆ. ಆದರೆ ಅವಳ ಪಕ್ಕದಲ್ಲೇ ನನ್ನ ಹೆಂಡತಿ ಕಣ್ಣು ಮಿಟುಕಿಸದೆ ಕೂತಿದ್ದಳು. ಅವಳಿಗೂ ಸಾವನ್ನು ತಡೆಯಲಾಗಲಿಲ್ಲ."

"ನನ್ನ ತಮ್ಮನ ಹೆಸರು ಮಲ್ಲರಸ" ಎಂದಳು ಪದ್ಮಲಾದೇವಿ. ಅರಸ ಮುಖ ಮುಚ್ಚಿಕೊಂಡ. ಸಂಜೆಯವರೆಗೂ ತಂದೆ ಮಗಳು ಅತ್ತರು.

ಚೆಲುವಯ್ಯ ಬೇಡಿದ್ದು ಆ ಇಬ್ಬರು ಕುಮಾರರ ಜೀವವನ್ನು. ಅರಸ ಅವರನ್ನು ಬಿಟ್ಟು, ಇವನಿಗೆ ಗುಡಿಯ ಬಳಿ ಎರಡು ಹೊಲವನ್ನೂ ಕೊಟ್ಟ. ಅಂದಿನಿಂದ ಅರಮನೆಯ ದೀಪಗಳು ಹೊತ್ತಿಗೆ ಸರಿಯಾಗಿ ಆರಿದವು. ಮಲಗುವ ಮುನ್ನ ದಾದಿಯೊಡನೆ ಅರಸುಮಗಳು ತಮ್ಮನ ಮಾತಾಡುವಳು. ನಿದ್ದೆ ಒಮ್ಮೆಗೇ ಬರಲಿಲ್ಲ. ಮೊದಲ ದಿನ ಒಂದು ಗಳಿಗೆ, ವಾರದ ಮೇಲೆ ಒಂದು ಜಾವ. ನಿದ್ದೆಯೂ ಭಗವಂತನ ಪ್ರಸಾದ, ಕೈಚಾಚಿ ಕಾಯಬೇಕಷ್ಟೆ.

ಚೆಲುವಯ್ಯ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಹೊಲದ ಮಾತೆತ್ತಲಿಲ್ಲ. ಅವನ ಪಕ್ಕ ಕೂತು ಮಗಳ ಹೆಸರೆತ್ತಿ, "ನಮ್ಮ ಸಿರಿಗೆ ಈಗ ಐದು ತುಂಬುತ್ತಿತ್ತು" ಎಂದಳು.