ಬೂದಿ ಬುಧವಾರದ ಬೆಕ್ಕು

ಬೂದಿ ಬುಧವಾರ ಚರ್ಚಿನ ಪಾದ್ರಿಗಳಿರುವ ಗುರುಮನೆಯಲ್ಲಿ ಎಲ್ಲರಿಗೂ ಉಪವಾಸವಾದ್ದರಿಂದ ಒಲೆ ಹೊತ್ತಲಿಲ್ಲ. ತಿನ್ನಲು ಏನೂ ಸಿಗದ ಬೆಕ್ಕು ತಣ್ಣನೆಯ ಒಲೆಯೊಳಗೇ ಮಲಗಿ ಎದ್ದಿತು. ನೋಡಿಕೊಂಡರೆ ಮೂಗಿನಿಂದ ಬಾಲದವರೆಗೆ ಬೂದಿ! ಆ ದಿನದ ನೇಮದಂತೆ ಜನರೆಲ್ಲ ಚರ್ಚಿನಲ್ಲಿ ಹಣೆಗೆ ಒಂದು ಚಿಟಿಕೆ ಹಚ್ಚಿಸಿಕೊಂಡು ಬರುತ್ತಿದ್ದಾರೆ, ತನಗೋ ಮೈತುಂಬ. ತನ್ನಂಥ ಪುಣ್ಯವಂತೆ ಊರಲ್ಲೇ ಇಲ್ಲವೆಂದು ಅದಕ್ಕೆ ಕೋಡು ಬಂತು.

ಬೆಕ್ಕು ಚರ್ಚಿನ ಮೆಟ್ಟಿಲು ಹತ್ತಿದಾಗ ಬಾಗಿಲಲ್ಲಿ ಮುದಿ ನಾಯಿಯೊಂದು ಒಳಗೆ ಕಾಲಿಡುತ್ತಿತ್ತು.

"ನಿಲ್ಲು ಮುದುಕಾ! ಉಪವಾಸದ ದಿನ ಬೆಳಿಗ್ಗೆಯೇ ಮೂಳೆ ಕಡಿದವನು ಯಾವ ಮುಖ ಹೊತ್ತು ಒಳಗೆ ಹೋಗುತ್ತೀಯ?"

"ತೋರಿಸಲು ನನ್ನಲ್ಲಿ ಏನೂ ಇಲ್ಲ ತಂಗಿ. ದೇವರು ಹೊರಗೆ ಹಾಕುವುದಿಲ್ಲ ಎಂಬ ನಂಬಿಕೆಯೊಂದೇ," ಎಂದಿತು ನಾಯಿ.

"ಬರೀ ನಂಬಿಕೆಯೇ? ನನ್ನ ಮೈ ನೋಡು!"

ಆ ಮೈಯನ್ನು ಗುರುಮನೆಯ ಅಡುಗೆಯವಳು ಸೆವ್ರಿನ್ ಬಾಯಿಯೂ ನೋಡಿದಳು. "ಗುಡಿಸಿದ ಮೆಟ್ಟಿಲನ್ನೆಲ್ಲ ಬೂದಿ ಮಾಡಿದೆಯಾ, ದರಿದ್ರದ್ದೇ!" ಎಂದು ಒಂದು ಕೊಡ ನೀರು ಸುರಿದಳು. ಪುಣ್ಯವೆಲ್ಲ ಚರಂಡಿಗೆ ಹರಿಯಿತು.

ನಡುಗುತ್ತಿದ್ದ ಬೆಕ್ಕಿಗೆ ನಾಯಿ ಸರಿದು ದಾರಿ ಬಿಟ್ಟಿತು. "ಒಳಗೆ ಬಾ ತಂಗಿ. ಈ ಬಾಗಿಲು ತೆರೆದದ್ದು ಬೂದಿ ನೋಡಿ ಅಲ್ಲ."

ಬೆಕ್ಕು ತಲೆ ತಗ್ಗಿಸಿಕೊಂಡು ಹೋಗಿ ಕುಳಿತಿತು. ಆಮೇಲೆ ಸುತ್ತ ಕಣ್ಣಾಡಿಸಿ, ನಾಯಿಯ ಕಿವಿಯಲ್ಲಿ ಹೇಳಿತು:

"ನೋಡಿದೆಯಾ, ಇಲ್ಲಿ ನನ್ನಷ್ಟು ತಲೆ ತಗ್ಗಿಸಿದವರು ಒಬ್ಬರೂ ಇಲ್ಲ."